ಗಡಿಯಾರ ಕಟ್ಟುವುದು ಗಂಟೆ ನೋಡುವುದಕ್ಕೆ ಮಾತ್ರವೇ?



ನಲ್ಲೂರಿನಂತಹ ಊರಿನಿಂದ ಬಸ್ಸು ಹಿಡಿದು ದೇವನಹಳ್ಳಿಯ ಕಾಲೇಜಿಗೆ ಬರುವ ಹುಡುಗ ಹುಡುಗಿಯರನ್ನು ನೆನೆಸಿಕೊಳ್ಳಿ. ಬಹುಶಃ ನೀವೂ ಅವರಲ್ಲೊಬ್ಬರು. ಹೆಚ್ಚಿನವರ ಬಳಿ ಮೊಬೈಲ್ ಫೋನು ಇದೆ. ಅದರ ಪರದೆಯ ಮೇಲೆ ಸಮಯ ಸೆಕೆಂಡು ತಪ್ಪದಂತೆ ಕಾಣುತ್ತಿರುತ್ತದೆ. ಹೀಗಿದ್ದೂ ಕೆಲವರ ಮಣಿಕಟ್ಟಿನಲ್ಲಿ ದಪ್ಪ ಚೈನಿನ, ಥಳಥಳಿಸುವ ಕೈಗಡಿಯಾರವೊಂದು ಇರುತ್ತದೆ. ಡಯಲಿನ ಮೇಲೆ ಸ್ವಿಟ್ಜರ್ಲೆಂಡಿನ ಹೆಸರಾಂತ ಕಂಪನಿಯ ಗುರುತು. ಅಸಲಿ ಮಾಲಿಗೆ ಲಕ್ಷಗಟ್ಟಲೆ ಬೆಲೆ. ಇವರು ಕೊಂಡದ್ದು ಒಂದೆರಡು ಸಾವಿರಕ್ಕೆ. ಅಂಗಡಿಯವನು ಅದನ್ನು 'ಫಸ್ಟ್ ಕಾಪಿ' ಎಂದು ಕರೆದಿರುತ್ತಾನೆ.

ಇನ್ನೊಂದೆಡೆ, ಅಸಲಿ ಗಡಿಯಾರವನ್ನೇ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರೂ ಇದ್ದಾರೆ. ಅವರ ಬಳಿ ಒಂದಲ್ಲ, ಹತ್ತಿಪ್ಪತ್ತು ಇರಬಹುದು. ಮನುಷ್ಯನಿಗೆ ಗಡಿಯಾರ ಕಟ್ಟುವ ಕೈ ಒಂದೇ. ಹಾಗಾದರೆ ಇಷ್ಟೊಂದು ಏಕೆ? ಸಮಯ ಪುಕ್ಕಟೆಯಾಗಿ ಸಿಗುವ ಕಾಲದಲ್ಲಿ ಗಡಿಯಾರಕ್ಕೆ ಇಷ್ಟು ಬೆಲೆ ಏಕೆ? ಅದನ್ನು ನಕಲು ಮಾಡುವವರೂ, ನಕಲೆಂದು ತಿಳಿದೇ ಕೊಳ್ಳುವವರೂ ಇರುವುದು ಏಕೆ? ಈ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಸಮಯ ಅಗ್ಗವಾದ ಕಥೆ

ಮೊದಲು ಗಡಿಯಾರದ ಒಳಗೆ ಇಣುಕಿ ನೋಡೋಣ. ಕೀ ಕೊಡುವ ಹಳೆಯ ಗಡಿಯಾರದಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್ ಒಂದಿರುತ್ತದೆ. ಕೀ ಕೊಟ್ಟಾಗ ಅದು ಬಿಗಿಯಾಗಿ ಸುತ್ತಿಕೊಂಡು, ಅನಂತರ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆಯುವುದು ಅತ್ತಿಂದಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರದ ಕೆಲಸ. ಎಚ್.ಎಂ.ಟಿ.ಯ ಹಳೆಯ 'ಜನತಾ' ಗಡಿಯಾರದಲ್ಲಿ ಈ ಬಡಿತ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ. ಕಿವಿಗಿಟ್ಟರೆ ಕೇಳುವ ಟಿಕ್ ಟಿಕ್ ಅದೇ. ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದನ್ನು ಕಂಡು, ಒಳಗೆ ಬೆಲೆಬಾಳುವ ರತ್ನಗಳಿವೆ ಎಂದು ನಂಬಿದವರು ಉಂಟು. ಅವು ಕಾರ್ಖಾನೆಯಲ್ಲಿ ತಯಾರಾದ ಕೃತಕ ಮಾಣಿಕ್ಯದ ಚೂರುಗಳು. ಚಕ್ರಗಳ ಅಚ್ಚುಗಳು ತಿರುಗುವಾಗ ಸವೆಯದಿರಲಿ ಎಂದು ಅವನ್ನು ಕೂರಿಸಿರುತ್ತಾರೆ. ಬಿಡಿಯಾಗಿ ಮಾರಿದರೆ ಅವಕ್ಕೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ.

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ 'ಆಸ್ಟ್ರಾನ್' ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತು. ಇದರಲ್ಲಿ ಸ್ಪ್ರಿಂಗ್ ಬದಲು ಸಣ್ಣ ಸೆಲ್; ಬ್ಯಾಲೆನ್ಸ್ ಚಕ್ರದ ಬದಲು ಒಂದು ಸ್ಫಟಿಕದ ಹರಳು. ವಿದ್ಯುತ್ ಹರಿದಾಗ ಹರಳು ಅತ್ಯಂತ ನಿಯಮಿತವಾಗಿ ಕಂಪಿಸುತ್ತದೆ. ಈಗಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದಲ್ಲಿ ಆ ಕಂಪನ ಸೆಕೆಂಡಿಗೆ 32,768 ಬಾರಿ. ಈ ವಿಚಿತ್ರ ಸಂಖ್ಯೆಯೇ ಏಕೆ? ಅದನ್ನು ಅರ್ಧ, ಅರ್ಧದ ಅರ್ಧ ಎಂದು ಹದಿನೈದು ಸಲ ಭಾಗಿಸಿ ನೋಡಿ; ಕೊನೆಗೆ ಸರಿಯಾಗಿ 1 ಉಳಿಯುತ್ತದೆ. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಮುಂದೆ ಹಾರಲು ಬೇಕಾದ ಸಂಕೇತ ಅದು.

ಇದರ ಪರಿಣಾಮ ಏನಾಯಿತು ಗೊತ್ತೇ? ಸ್ವಿಟ್ಜರ್ಲೆಂಡಿನ ಉತ್ತಮ ಯಾಂತ್ರಿಕ ಗಡಿಯಾರವೊಂದಕ್ಕೆ ಅಲ್ಲಿನ ಅಧಿಕೃತ ಪರೀಕ್ಷಾ ಸಂಸ್ಥೆ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಲು ಅವಕಾಶ ಕೊಡುತ್ತದೆ. ಆದರೆ ಕೆಲವು ನೂರು ರೂಪಾಯಿಯ ಸಾಧಾರಣ ಕ್ವಾರ್ಟ್ಜ್ ಗಡಿಯಾರ ಇಡೀ ತಿಂಗಳಿಗೆ ತಪ್ಪುವುದು ಸುಮಾರು 15 ಸೆಕೆಂಡು ಮಾತ್ರ. ಲಕ್ಷ ರೂಪಾಯಿಯ ಗಡಿಯಾರಕ್ಕಿಂತ ಅಗ್ಗದ ಗಡಿಯಾರವೇ ಸಮಯ ಹೇಳುವುದರಲ್ಲಿ ಮುಂದು! ಸ್ವಿಸ್ ಗಡಿಯಾರ ಉದ್ಯಮ ತತ್ತರಿಸಿತು. 1970ರಲ್ಲಿ ಅಲ್ಲಿ ಸುಮಾರು 90,000 ಜನರಿಗೆ ಕೆಲಸವಿತ್ತು. 1980ರ ದಶಕದ ಮಧ್ಯಭಾಗದ ವೇಳೆಗೆ ಅದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಉಳಿದುಕೊಂಡ ಕಂಪನಿಗಳು ಎರಡು ದಾರಿ ಹಿಡಿದವು. ಒಂದು, 1983ರಲ್ಲಿ ಬಂದ 'ಸ್ವಾಚ್' ಮಾದರಿಯ ಅಗ್ಗದ ಬಣ್ಣಬಣ್ಣದ ಗಡಿಯಾರ. ಎರಡು, ಇನ್ನಷ್ಟು ದುಬಾರಿ, ಇನ್ನಷ್ಟು ವಿರಳ, ಕೈಕೆಲಸದ ಗಡಿಯಾರ. ಎರಡನೆಯ ದಾರಿಯಲ್ಲಿ ಗಡಿಯಾರ ಸಮಯ ಹೇಳುವ ಸಾಧನವಾಗಿ ಉಳಿಯಲಿಲ್ಲ. ಕಟ್ಟಿಕೊಂಡವನ ಬಗ್ಗೆ ನಾಲ್ಕು ಜನರಿಗೆ ಏನನ್ನೋ ಹೇಳುವ ಸಾಧನವಾಯಿತು. ಗಡಿಯಾರಕ್ಕೆ ಈ ಎರಡು ಕೆಲಸಗಳಿವೆ ಎಂಬುದನ್ನು ನೆನಪಿನಲ್ಲಿಡಿ. ಮುಂದಿನದೆಲ್ಲವೂ ಎರಡನೆಯ ಕೆಲಸಕ್ಕೆ ಸಂಬಂಧಿಸಿದ್ದು.

ಅರ್ಧರಾತ್ರಿಯ ಕೊಡೆ

'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ' ಎಂಬ ಗಾದೆಯನ್ನು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ಅದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಿ. ಅರ್ಧರಾತ್ರಿಯಲ್ಲಿ ಬಿಸಿಲಿಲ್ಲ. ಕೊಡೆ ಬೇಕಾಗಿಲ್ಲ. ಆದರೂ ಹಿಡಿದ. ಏಕೆಂದರೆ ಹಿಂದಿನ ಕಾಲದಲ್ಲಿ ಕೊಡೆ ದೊರೆಗಳ, ದೇವರ, ದೊಡ್ಡವರ ಮರ್ಯಾದೆಯ ಗುರುತು. ಅವನಿಗೆ ಬೇಕಾಗಿದ್ದುದು ನೆರಳಲ್ಲ, ಆ ಮರ್ಯಾದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಬರೆದ ಗ್ರಂಥದಲ್ಲಿ ಹೆಚ್ಚು ಕಡಿಮೆ ಇದನ್ನೇ ವಿವರಿಸಿದ. ಮನುಷ್ಯರು ಕೆಲವು ವಸ್ತುಗಳನ್ನು ಬಳಸಲಿಕ್ಕಾಗಿ ಅಲ್ಲ, ಬಳಸುತ್ತಿರುವುದು ಇತರರಿಗೆ ಕಾಣಲೆಂದು ಕೊಳ್ಳುತ್ತಾರೆ ಎಂದ. ಇದನ್ನು ನಾವು 'ಪ್ರದರ್ಶನದ ಭೋಗ' ಎನ್ನಬಹುದು. ಸಾಮಾನ್ಯವಾಗಿ ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂದು ನೀವು ಅರ್ಥಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಪ್ರದರ್ಶನದ ವಸ್ತುಗಳಲ್ಲಿ ಕೆಲವೊಮ್ಮೆ ಇದು ತಿರುಗುಮುರುಗಾಗುತ್ತದೆ: ಬೆಲೆ ಹೆಚ್ಚು ಎಂಬ ಕಾರಣಕ್ಕೇ ಬೇಡಿಕೆ. ಎಲ್ಲರಿಗೂ ಎಟುಕುವಂತಾದರೆ ಅದರ ಗತ್ತು ಹೋಯಿತು.

ಪ್ರದರ್ಶನಕ್ಕೆ ಕೈಗಡಿಯಾರವೇ ಏಕೆ ಬೇಕು? ಮನೆಯನ್ನು ಹೊತ್ತುಕೊಂಡು ತಿರುಗಲಾಗದು. ಕಾರು ಹೊರಗೆ ನಿಂತಿರುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಒಡವೆಗಳುಂಟು. ಗಂಡಸರು ಸಭೆಗೆ, ಕಚೇರಿಗೆ, ಮದುವೆಗೆ ಹೋದಾಗ ಯಾರೂ ಆಕ್ಷೇಪಿಸದಂತೆ ತೊಡಬಹುದಾದ ಬೆಲೆಬಾಳುವ ವಸ್ತುಗಳು ಉಂಗುರ, ಸರ, ಗಡಿಯಾರ ಇಷ್ಟೇ. ಗಡಿಯಾರಕ್ಕೆ 'ಉಪಯೋಗಕ್ಕಾಗಿ ಕಟ್ಟಿದ್ದೇನೆ' ಎಂಬ ನೆಪವೂ ಉಂಟು.

ಮದುವೆಯ ಗಂಡಿಗೆ ವಾಚು

ಇದು ಹೊರದೇಶದ ಖಾಯಿಲೆ ಎಂದುಕೊಳ್ಳಬೇಡಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಮದುವೆಯ ಮಾತುಕತೆ ನಡೆದಾಗ ಗಂಡಿಗೆ ವಾಚು, ಉಂಗುರ, ಸೂಟು ಕೊಡಬೇಕೆಂಬ ಪಟ್ಟಿ ಇರುತ್ತಿತ್ತು. ಹೊಸ ಅಳಿಯ ಅಂಗಿಯ ತೋಳನ್ನು ಒಂದಿಷ್ಟು ಮೇಲಕ್ಕೆ ಮಡಚಿಕೊಂಡೇ ಫೋಟೋಕ್ಕೆ ನಿಲ್ಲುತ್ತಿದ್ದ.

ಆ ವಾಚು ಬಹುಪಾಲು ಬೆಂಗಳೂರಿನದೇ ಆಗಿರುತ್ತಿತ್ತು. ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಅನಂತರ 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಕಾಂಚನ್ ಹೀಗೆ ಹೆಸರು ಹೊತ್ತ ಗಡಿಯಾರಗಳು ಕೋಟಿಗಟ್ಟಲೆ ಹೊರಬಂದವು. ಅಂಧರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವಂತಹ ಬ್ರೈಲ್ ಗಡಿಯಾರವನ್ನೂ ಈ ಸಂಸ್ಥೆ ತಯಾರಿಸಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1983ರಲ್ಲಿ ಸ್ಥಾಪನೆಯಾದ ಹೂವಿನ ಗಡಿಯಾರವೂ ಎಚ್.ಎಂ.ಟಿ.ಯದೇ.

ಗಮನಿಸಬೇಕಾದ ಸಂಗತಿ ಎಂದರೆ, 'ಜನತಾ' ಎಂಬ ಹೆಸರಿನ ಗಡಿಯಾರದ ಜೊತೆಗೆ 'ಕಾಂಚನ್' ಎಂಬ ಹೆಸರಿನದೂ ಇತ್ತು. ಒಂದು ಜನಸಾಮಾನ್ಯರದು, ಇನ್ನೊಂದರ ಹೆಸರಿನಲ್ಲೇ ಚಿನ್ನ. ಕಾಂಚನ್ ಗಡಿಯಾರಕ್ಕೆ ಮದುವೆಯ ಕಾಲದಲ್ಲಿ ಎಷ್ಟು ಬೇಡಿಕೆ ಇತ್ತೆಂದರೆ ಕಾಳಸಂತೆಯಲ್ಲಿ ಹೆಚ್ಚಿನ ಹಣ ಕೊಟ್ಟು ಕೊಳ್ಳುವವರಿದ್ದರು. ಸಮಯ ಹೇಳುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಮದುವೆ ಮನೆಯವರ ಕಣ್ಣಿನಲ್ಲಿ. ಇದರ ಮೇಲೆ 'ಫಾರಿನ್ ವಾಚು' ಎಂಬ ಇನ್ನೊಂದು ಮೆಟ್ಟಿಲು. ಆಮದಿಗೆ ಕಟ್ಟುನಿಟ್ಟಿದ್ದ ಆ ದಿನಗಳಲ್ಲಿ ಗಲ್ಫ್ ದೇಶಗಳಿಂದ ಬಂದ ನೆಂಟರು ತಂದ ಗಡಿಯಾರವನ್ನು ಇಡೀ ಕೇರಿಯೇ ಬಂದು ನೋಡುತ್ತಿತ್ತು. ಆಸೆಯ ಏಣಿ ಆಗಲೂ ಇತ್ತು, ಈಗಲೂ ಇದೆ. ಮೇಲಿನ ಮೆಟ್ಟಿಲಿನ ಹೆಸರು ಮಾತ್ರ ಬದಲಾಗಿದೆ.

2016ರ ಮೊದಲ ತಿಂಗಳುಗಳಲ್ಲಿ ನಡೆದ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡುವುದು ಒಳ್ಳೆಯದು. ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು, ವರ್ಷಗಳಿಂದ ನಷ್ಟದಲ್ಲಿದ್ದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರು ಕಾರ್ಖಾನೆಯ ಜಮೀನು ಮುಂದೆ ಇಸ್ರೋ ಸಂಸ್ಥೆಗೆ ಹೋಯಿತು. ಅದೇ ಹೊತ್ತಿನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಸ್ವಿಸ್ ಹ್ಯೂಬ್ಲೋ ಗಡಿಯಾರದ ಬಗ್ಗೆ ರಾಜ್ಯದಲ್ಲಿ ಭಾರೀ ಚರ್ಚೆ ಎದ್ದಿತು. ಅದು ಸ್ನೇಹಿತರೊಬ್ಬರು ಕೊಟ್ಟ ಉಡುಗೊರೆ ಎಂದು ಅವರು ತಿಳಿಸಿದರು. ಮಾರ್ಚ್ ತಿಂಗಳಲ್ಲಿ ಅದನ್ನು ವಿಧಾನಸಭಾಧ್ಯಕ್ಷರಾಗಿದ್ದ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ, ರಾಜ್ಯದ ಆಸ್ತಿಯೆಂದು ಪರಿಗಣಿಸುವಂತೆ ಕೋರಿದರು. ಇದರ ರಾಜಕೀಯ ನಮಗಿಲ್ಲಿ ಬೇಡ. ಅಲ್ಲಿಯವರೆಗೆ ಆ ಕಂಪನಿಯ ಹೆಸರನ್ನೇ ಕೇಳದಿದ್ದ ಲಕ್ಷಾಂತರ ಜನರಿಗೆ ಒಂದೆರಡು ವಾರಗಳಲ್ಲಿ ಅದರ ಬೆಲೆಯ ಅಂದಾಜು ಬಾಯಿಪಾಠವಾಯಿತು ಎಂಬುದು ನಮಗೆ ಬೇಕಾದ ಅಂಶ. ಕೈಯ ಮೇಲಿನ ಆ ಪುಟ್ಟ ವಸ್ತುವನ್ನು ಓದಲು ಅವರು ಕಲಿತರು. ಪ್ರತಿಷ್ಠೆಯ ಗುರುತು ಕೆಲಸ ಮಾಡುವುದು ನೋಡುವವರು ಅದನ್ನು ಓದಬಲ್ಲವರಾದಾಗ ಮಾತ್ರ.

ಸಂಗ್ರಹಿಸುವವರೆಲ್ಲರೂ ಶೋಕಿಲಾಲರೇ?

ಅಲ್ಲ. ಅಂಚೆಚೀಟಿ, ನಾಣ್ಯ ಕೂಡಿಡುವ ಗೆಳೆಯರು ನಿಮ್ಮ ತರಗತಿಯಲ್ಲೂ ಇರಬಹುದು. ಗಡಿಯಾರ ಸಂಗ್ರಹಕ್ಕೂ ಅಂತಹ ಪ್ರಾಮಾಣಿಕ ಕಾರಣಗಳುಂಟು.

ಮೊದಲನೆಯದು ಕೆಲಸಗಾರಿಕೆಯ ಮೇಲಿನ ಮೆಚ್ಚುಗೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಟೈಟನ್ ಕಂಪನಿ, ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ನಡೆಸುತ್ತದೆ. 2002ರಲ್ಲಿ ಅದು ಹೊರತಂದ 'ಎಡ್ಜ್' ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಮೆಷಿನ್ನಿನ ದಪ್ಪ 1.15 ಮಿಲಿಮೀಟರ್. ನಿಮ್ಮ ಅಳತೆಪಟ್ಟಿಯ ಮೇಲೆ ಒಂದು ಮಿಲಿಮೀಟರ್ ಎಷ್ಟೆಂದು ನೋಡಿ. ಅಷ್ಟರಲ್ಲಿ ಚಕ್ರಗಳನ್ನು ಕೂರಿಸಿ ವರ್ಷಗಟ್ಟಲೆ ಓಡಿಸುವುದು ಸಾಮಾನ್ಯ ಕೆಲಸವಲ್ಲ. ಇಂತಹುದನ್ನು ಕಂಡು ಬೆರಗಾಗುವವನು ಯಾರೂ ನೋಡದಿದ್ದರೂ ಸಂಗ್ರಹಿಸುತ್ತಾನೆ.

ಎರಡನೆಯದು ನೆನಪು ಮತ್ತು ಕಥೆ. ನಲ್ಲೂರಿನ ಹುಣಸೆ ತೋಪನ್ನೇ ಉದಾಹರಣೆಗೆ ನೋಡಿ. ಹುಣಸೆ ಮರ ಯಾವ ಊರಿನಲ್ಲಿಲ್ಲ? ಆದರೂ ಸುಮಾರು 54 ಎಕರೆಯ ಈ ತೋಪನ್ನು ಸರ್ಕಾರ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಇಡೀ ದೇಶದಲ್ಲೇ ಈ ಮನ್ನಣೆ ಪಡೆದ ಮೊದಲ ತಾಣ ಇದು. ಅಲ್ಲಿನ ಹಣ್ಣು ಬೇರೆಡೆಯದಕ್ಕಿಂತ ಹೆಚ್ಚು ಹುಳಿ ಎಂದು ಈ ಗೌರವ ಸಿಗಲಿಲ್ಲ. ಸುಮಾರು ಮುನ್ನೂರು ಮರಗಳ ಆ ತೋಪಿನ ವಯಸ್ಸು, ಅದರೊಂದಿಗೆ ಜನ ಹೇಳಿಕೊಂಡು ಬಂದಿರುವ ಚೋಳರ ಕಾಲದ ಕಥೆ, ಬೇರೆಲ್ಲೂ ಅಂತಹುದೊಂದನ್ನು ಹೊಸದಾಗಿ ಮಾಡಲಾಗದು ಎಂಬ ಅಂಶ ಇವುಗಳಿಂದ ಅದಕ್ಕೆ ಬೆಲೆ.

ಗಡಿಯಾರಕ್ಕೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಗಡಿಯಾರವೊಂದು 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1 ಕೋಟಿ 77 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಮಾದರಿಯ ಬೇರೆ ಗಡಿಯಾರಗಳಿಗೆ ಇದರ ಸಣ್ಣ ಪಾಲೂ ಸಿಕ್ಕಿರಲಿಲ್ಲ. ನಮಗೆ ಇನ್ನೂ ಹತ್ತಿರದ ಉದಾಹರಣೆ ಗಾಂಧೀಜಿಯವರದು. ಅವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಜೀನಿತ್ ಕಂಪನಿಯ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆ ಇವು 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ಬೆಂಗಳೂರಿನ ಉದ್ಯಮಿಯಾಗಿದ್ದ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೊಂಡರು. ಗಾಂಧೀಜಿಯವರಿಗೆ ಗಡಿಯಾರ ಬೇಕಾಗಿದ್ದುದು ಪ್ರಾರ್ಥನೆಯ ವೇಳೆ ತಪ್ಪದಿರಲಿ, ಭೇಟಿಗೆ ಬಂದವರು ಕಾಯದಿರಲಿ ಎಂದು. ಅವರು ಕಟ್ಟಿದ್ದರಿಂದ ಗಡಿಯಾರಕ್ಕೆ ಮರ್ಯಾದೆ ಬಂತೇ ಹೊರತು, ಗಡಿಯಾರದಿಂದ ಅವರಿಗಲ್ಲ.

ನಕಲಿನ ಲೆಕ್ಕಾಚಾರ

ಈಗ ಫಸ್ಟ್ ಕಾಪಿಗೆ ಬರೋಣ. ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ಹೆಸರಾಂತ ಗಡಿಯಾರದ ಆಕಾರವನ್ನು ಹೋಲುವಂತೆ ಮಾಡಿ, ತನ್ನದೇ ಹೆಸರು ಹಾಕಿ ಮಾರುವ ಕಂಪನಿಗಳುಂಟು. ಅದು ಅನುಕರಣೆ. ಇನ್ನೊಬ್ಬರ ಹೆಸರನ್ನೇ ಡಯಲಿನ ಮೇಲೆ ಅಚ್ಚೊತ್ತಿದರೆ ಅದು ಖೋಟಾ. ಖೋಟಾ ಮಾಡುವುದು, ಮಾರುವುದು ಎರಡೂ ಅಪರಾಧ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ ಪ್ರಕಾರ ಇದಕ್ಕೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 'ಸ್ನೇಹಿತರಿಗೆ ನಾಲ್ಕು ತರಿಸಿ ಮಾರಿದರೆ ಪಾಕೆಟ್ ಮನಿ ಆಗುತ್ತದೆ' ಎಂದು ಯಾರಾದರೂ ಆಸೆ ತೋರಿಸಿದರೆ ಈ ಮಾತನ್ನು ನೆನೆಯಿರಿ. ಇದು ಸಣ್ಣ ವ್ಯಾಪಾರವೂ ಅಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ದೇಶದೇಶಗಳ ನಡುವೆ ಸಾಗಿದ ಎಲ್ಲ ಬಗೆಯ ಖೋಟಾ ಮಾಲಿನ ಮೊತ್ತ 46,400 ಕೋಟಿ ಡಾಲರಿನವರೆಗೆ ಇತ್ತು. ಅಂದರೆ ವಿಶ್ವ ವ್ಯಾಪಾರದ ಶೇಕಡಾ 2.5ರಷ್ಟು. ಇದರಲ್ಲಿ ಗಡಿಯಾರಗಳ ಪಾಲೂ ದೊಡ್ಡದು.

ಕಾನೂನನ್ನು ಒಂದು ಕ್ಷಣ ಬದಿಗಿಟ್ಟು, ಕೊಳ್ಳುವವನ ಲೆಕ್ಕವನ್ನೇ ನೋಡೋಣ. ಅವನಿಗೆ ಬೇಕಾಗಿರುವುದು ಗಡಿಯಾರದ ಎರಡನೆಯ ಕೆಲಸ ಮಾತ್ರ: 'ಇವನು ಅನುಕೂಲಸ್ಥ' ಎಂದು ನೋಡಿದವರು ತಿಳಿಯಬೇಕು. ನೋಡುವವರಲ್ಲಿ ಎರಡು ಬಗೆ. ಒಬ್ಬನಿಗೆ ಗಡಿಯಾರಗಳ ವಿಷಯ ಗೊತ್ತಿಲ್ಲ. ಅವನಿಗೆ ಡಯಲಿನ ಮೇಲಿನ ಹೆಸರು ಏನೂ ಹೇಳುವುದಿಲ್ಲ. ಅವನೆದುರು ರೋಲೆಕ್ಸೂ ಒಂದೇ, ಸಂತೆಯ ವಾಚೂ ಒಂದೇ. ಇನ್ನೊಬ್ಬನಿಗೆ ವಿಷಯ ಗೊತ್ತು. ಅವನಿಗೆ ಹೆಸರಿನ ಬೆಲೆ ಗೊತ್ತು, ಜೊತೆಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಯ ಕೈಗೆ ಅದು ಬರುವ ಸಂಭವ ಎಷ್ಟೆಂಬುದೂ ಗೊತ್ತು. ಅವನು ಗಡಿಯಾರವನ್ನಷ್ಟೇ ನೋಡುವುದಿಲ್ಲ, ಚಪ್ಪಲಿ, ಚೀಲ, ಮಾತು ಎಲ್ಲವನ್ನೂ ನೋಡುತ್ತಾನೆ. ಸೆಕೆಂಡಿನ ಮುಳ್ಳು ನಯವಾಗಿ ಜಾರಬೇಕಾದ ಮಾದರಿಯಲ್ಲಿ ಅದು ಕುಪ್ಪಳಿಸುತ್ತಿದ್ದರೆ ಅಲ್ಲೇ ಗುಟ್ಟು ರಟ್ಟು. ಹೀಗೆ ತಿಳಿಯದವನಿಗೆ ಸಂದೇಶ ತಲುಪುವುದಿಲ್ಲ. ತಿಳಿದವನಿಗೆ ತಲುಪುವ ಸಂದೇಶವೇ ಬೇರೆ.

ಈಗಿನ ಕೆಲವು ನಕಲುಗಳನ್ನು ಪರಿಣತರೂ ಹಿಂಬದಿಯ ಮುಚ್ಚಳ ತೆಗೆಯದೆ ಗುರುತಿಸಲಾರರು ಎಂಬುದು ನಿಜ. ಹಾಗಿದ್ದರೂ ಒಬ್ಬ ನೋಡುಗ ಉಳಿದೇ ಉಳಿಯುತ್ತಾನೆ, ಕಟ್ಟಿಕೊಂಡವನೇ ಅವನು. ಯಾರಾದರೂ 'ಎಲ್ಲಿ ಕೊಂಡೆ? ಬಿಲ್ಲು ಇದೆಯೇ? ಒಮ್ಮೆ ಬಿಚ್ಚಿ ಕೊಡು, ನೋಡೋಣ' ಎಂದಾಗ ಎದೆ ಹೊಡೆದುಕೊಳ್ಳುವುದು ಅವನದು. ಮರ್ಯಾದೆಗೆಂದು ಕೊಂಡ ವಸ್ತು ಮರ್ಯಾದೆ ಹೋಗುವ ಭಯವನ್ನು ತಂದಿಟ್ಟಿತು. ಅದು ಕೆಟ್ಟರೆ ಕಂಪನಿಯ ರಿಪೇರಿ ಕೇಂದ್ರಕ್ಕೆ ಒಯ್ಯುವಂತಿಲ್ಲ. ನೀರು ಹೊಕ್ಕರೆ ಕೇಳುವವರಿಲ್ಲ. ಮಾರಲು ಹೋದರೆ ಕಾಸು ಹುಟ್ಟುವುದಿಲ್ಲ.

ಇದಕ್ಕೊಂದು ತಮಾಷೆಯ ಪಕ್ಕವೂ ಉಂಟು. 2010ರಲ್ಲಿ ಪ್ರಕಟವಾದ ಒಂದು ಮಾರುಕಟ್ಟೆ ಅಧ್ಯಯನದಲ್ಲಿ, ಹೆಸರಾಂತ ಕಂಪನಿಗಳ ಕೈಚೀಲಗಳಲ್ಲಿ ಬೆಲೆ ಹೆಚ್ಚಿದಂತೆಲ್ಲ ಗುರುತು ಚಿಕ್ಕದಾಗುತ್ತಾ ಹೋಗುವುದು ಕಂಡುಬಂತು. ಸಿರಿತನ ಹಳೆಯದಾದವರಿಗೆ ಕೂಗಿ ಹೇಳುವ ಅಗತ್ಯವಿಲ್ಲ. ತಮ್ಮಂತಹವರಿಗೆ ಮಾತ್ರ ತಿಳಿದರೆ ಸಾಕು. ನಕಲು ಮಾಡುವವರಾದರೋ ದೊಡ್ಡ ಗುರುತಿನ ಮಾಲನ್ನೇ ಹೆಚ್ಚು ಆರಿಸಿಕೊಳ್ಳುತ್ತಾರೆ. ಹಾಗಾಗಿ ಕಣ್ಣಿಗೆ ಹೊಡೆಯುವಂತಹ ನಕಲು ಕಟ್ಟಿಕೊಂಡವನು, ತಾನು ಯಾರಂತೆ ಕಾಣಬೇಕೆಂದು ಬಯಸಿದನೋ ಅವರಂತೆ ಕಾಣುವುದೇ ಇಲ್ಲ. ಗಾದೆಯ ಕೊಡೆಯನ್ನು ಈಗ ಮತ್ತೆ ನೆನೆಯಿರಿ: ಅರ್ಧರಾತ್ರಿಯಲ್ಲಿ ಅದನ್ನು ನೋಡಿ ತಲೆಬಾಗುವವರು ಬೀದಿಯಲ್ಲಿ ಯಾರೂ ಇರುವುದಿಲ್ಲ.

ಜನತೆಯ ಗಡಿಯಾರಕ್ಕೂ ನಕಲು

'ಕೋಟ್ಯಧೀಶ ಕಂಪನಿಗೆ ನನ್ನ ಒಂದು ನಕಲಿನಿಂದ ಏನು ನಷ್ಟ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಎಚ್.ಎಂ.ಟಿ.ಯಲ್ಲೇ ಇದೆ.

ಕಾರ್ಖಾನೆ ಮುಚ್ಚುವ ಸುದ್ದಿ ಹಬ್ಬಿದ ಮೇಲೆ, ಮನೆಯ ಮೂಲೆಯಲ್ಲಿ ಬಿದ್ದಿದ್ದ ಜನತಾ, ಪೈಲಟ್ ಗಡಿಯಾರಗಳಿಗೆ ಇದ್ದಕ್ಕಿದ್ದಂತೆ ಕದರು ಬಂತು. ಅಪ್ಪ ಕಟ್ಟುತ್ತಿದ್ದುದು, ತಾತನಿಗೆ ನಿವೃತ್ತಿಯಲ್ಲಿ ಕೊಟ್ಟದ್ದು ಎಂದು ಹುಡುಕಿಕೊಂಡು ಕೊಳ್ಳುವವರು ಹುಟ್ಟಿಕೊಂಡರು. ಬೇಡಿಕೆ ಬಂದ ಕೂಡಲೇ ನಕಲೂ ಬಂತು. ಹಳೆಯ ಮೆಷಿನ್ ಒಂದರದು, ಕೇಸು ಇನ್ನೊಂದರದು, ಮುಳ್ಳು ಮತ್ತೊಂದರದು ತೆಗೆದು, ಅಸಲಿ ಡಯಲನ್ನು ಉಜ್ಜಿ ಅಳಿಸಿ, ಕಾರ್ಖಾನೆ ಎಂದೂ ತಯಾರಿಸದ ಕೆಂಪು, ಹಸಿರು, ನೀಲಿ ಬಣ್ಣ ಬಳಿದು, ಮೇಲೆ 'ಪೈಲಟ್' ಎಂದು ಬರೆದು ಮಾರುವ ದಂಧೆ ಶುರುವಾಯಿತು. ಲಕ್ಷ ರೂಪಾಯಿಯ ಗಡಿಯಾರಕ್ಕಷ್ಟೇ ನಕಲು ಎಂದು ತಿಳಿದಿದ್ದವರು ಬೆರಗಾದರು. ಬಡವನ ಗಡಿಯಾರಕ್ಕೂ ನಕಲು! ಎಲ್ಲಿ ಆಸೆ ಕೂಡಿತೋ ಅಲ್ಲಿ ಖೋಟಾ ಹುಟ್ಟುತ್ತದೆ. ವಸ್ತು ದುಬಾರಿಯೋ ಅಗ್ಗವೋ ಎಂಬುದು ಅನಂತರದ ಮಾತು.

ಇಲ್ಲಿ ನಷ್ಟವಾದದ್ದು ಯಾವ ಕೋಟ್ಯಧೀಶನಿಗೂ ಅಲ್ಲ. ಹೀಗೆ ಕೆತ್ತಿ ಕೂಡಿಸಿದ ಒಂದೊಂದು ನಕಲಿಗೂ ಎರಡು ಮೂರು ಅಸಲಿ ಗಡಿಯಾರಗಳು ಬಲಿಯಾಗುತ್ತವೆ. ಬೆಂಗಳೂರಿನ, ತುಮಕೂರಿನ ಕಾರ್ಮಿಕರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದಾಗಿ ಜೋಡಿಸಿದ ಕೈಕೆಲಸದ ಸಾಕ್ಷ್ಯ ಅಳಿಸಿಹೋಗುತ್ತದೆ. ಮುಂದೆ ಯಾರಾದರೂ ನಮ್ಮ ನಾಡಿನ ಗಡಿಯಾರದ ಇತಿಹಾಸ ಬರೆಯಲು ಹೊರಟರೆ ಯಾವುದು ನಿಜ, ಯಾವುದು ಬಣ್ಣ ಎಂದು ತಿಳಿಯುವುದೇ ಕಷ್ಟವಾಗುತ್ತದೆ.

ನೀವೇನು ಮಾಡಬಹುದು?

ಚೆಂದದ ಗಡಿಯಾರ ಕಟ್ಟಬೇಕೆಂಬ ಆಸೆ ತಪ್ಪಲ್ಲ. ಈ ವಯಸ್ಸಿನಲ್ಲಿ ನಾಲ್ಕು ಜನರ ನಡುವೆ ಎದ್ದು ಕಾಣಬೇಕೆಂಬ ಬಯಕೆಯೂ ಸಹಜವೇ. ಆದರೆ ಕೊಳ್ಳುವ ಮುನ್ನ ಒಂದು ಪ್ರಶ್ನೆ ಹಾಕಿಕೊಳ್ಳಿ: 'ಇದನ್ನು ಯಾರೂ ನೋಡದಿದ್ದರೂ ನನಗೆ ಇಷ್ಟವಾಗುತ್ತಿತ್ತೇ?' ಹೌದೆಂದಾದರೆ ನಿಮ್ಮ ಶಕ್ತಿಗೆ ತಕ್ಕ, ತನ್ನ ಹೆಸರನ್ನೇ ಹೊತ್ತ ಗಡಿಯಾರವನ್ನು ಕೊಳ್ಳಿ. ಒಂದೆರಡು ಸಾವಿರ ರೂಪಾಯಿಗೆ ನಕಲು ಕೊಳ್ಳುವ ಹಣದಲ್ಲಿ ಒಳ್ಳೆಯ ಅಸಲಿ ಗಡಿಯಾರ ಧಾರಾಳವಾಗಿ ಬರುತ್ತದೆ.

ಅದಕ್ಕೂ ಮೊದಲು ಮನೆಯ ಬೀರು, ಟ್ರಂಕುಗಳನ್ನು ಒಮ್ಮೆ ನೋಡಿ. ತಾತನ ಹಳೆಯ ಗಡಿಯಾರ ಸಿಕ್ಕರೆ ಅದರ ಡಯಲಿಗೆ ಹೊಸ ಬಣ್ಣ ಹೊಡೆಸಬೇಡಿ; ಕೇಸನ್ನು ಉಜ್ಜಿಸಿ ಪಾಲಿಶ್ ಮಾಡಿಸಬೇಡಿ. ವರ್ಷಗಳಿಂದ ನಿಂತಿದ್ದರೆ ಎಣ್ಣೆ ಒಣಗಿರುತ್ತದೆ. ಬಲವಂತದಿಂದ ಕೀ ಕೊಡದೆ, ಅನುಭವಿಯಾದ ವಾಚ್ ರಿಪೇರಿಯವರ ಬಳಿ ಒಯ್ದು ಶುಚಿ ಮಾಡಿಸಿ. ಯಾರು ಕೊಂಡದ್ದು, ಯಾವ ವರ್ಷ, ಯಾವ ಸಂದರ್ಭ ಎಂದು ಮನೆಯವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಗಡಿಯಾರದಷ್ಟೇ ಆ ಚೀಟಿಗೂ ಬೆಲೆಯುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್.ಎಂ.ಟಿ. ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯ ಆರಂಭವಾಯಿತು. ಅವಕಾಶವಾದಾಗ ನಿಮ್ಮ ಉಪಾಧ್ಯಾಯರೊಂದಿಗೆ ಹೋಗಿ, ಅಸಲಿ ಗಡಿಯಾರಗಳು ಹೇಗಿದ್ದವೆಂದು ಕಣ್ಣಾರೆ ನೋಡಿ ಬನ್ನಿ.

ತರಗತಿಯಲ್ಲಿ ಚರ್ಚಿಸಿ

1. ಸಮಯ ತಿಳಿಯಲು ಗಡಿಯಾರ ಬೇಕಿಲ್ಲದ ಈ ಕಾಲದಲ್ಲೂ ಮದುವೆಯಲ್ಲಿ, ನಿವೃತ್ತಿಯಲ್ಲಿ ಗಡಿಯಾರವನ್ನೇ ಉಡುಗೊರೆ ಕೊಡುವುದು ಏಕೆ?

2. ಬೆಲೆ ಏರಿದಷ್ಟೂ ಬೇಡಿಕೆ ಹೆಚ್ಚುವ ಬೇರೆ ಯಾವ ವಸ್ತುಗಳನ್ನು ನಿಮ್ಮ ಊರಿನಲ್ಲಿ ಕಂಡಿದ್ದೀರಿ?

3. ಅನುಕರಣೆಗೂ ಖೋಟಾಕ್ಕೂ ಇರುವ ವ್ಯತ್ಯಾಸವನ್ನು ಬಟ್ಟೆ, ಶೂ, ಪುಸ್ತಕಗಳ ಉದಾಹರಣೆ ಕೊಟ್ಟು ವಿವರಿಸಿ.

4. ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಗಡಿಯಾರದ ಕಥೆಯನ್ನು ಹಿರಿಯರಿಂದ ಕೇಳಿ, ಒಂದು ಪುಟದಷ್ಟು ಬರೆದು ತನ್ನಿ.